ಹನ್ನೊಂದನೆಯ ನಿಮಿಷ

ಧಾರವಾಡದ ತರಬೇತಿ ಕೇಂದ್ರ. ಕಿಟಕಿಗೆ ಕಂಬಳಿ ಕಟ್ಟಿ
ಮಾಡಿಕೊಂಡ ಹಗಲುಗತ್ತಲೆ. ಮೂವತ್ತೆರಡು ಮಂದಿ ಟೀಚರು,
ಗೋಡೆಯ ಮೇಲೆ ನಾನು.

ನನ್ನ ಬೆನ್ನನ್ನು ನಾನು ನೋಡಿದ್ದು ಇದೇ ಮೊದಲು.
ಸೊಂಟದ ಹಿಂದೆ, ಸೀರೆಯ ಮೇಲೆ, ಐದು ಬೆರಳಿನ ಸುಣ್ಣ.
ಹತ್ತೊಂಬತ್ತು ವರ್ಷ ಯಾರೂ ಹೇಳಿರಲಿಲ್ಲ.
ದನಿಯಂತೂ ನನ್ನದಲ್ಲ, ಬಸ್‌ಸ್ಟ್ಯಾಂಡಿನಲ್ಲಿ
ಹಾನಗಲ್ಲು, ಶಿಗ್ಗಾವಿ ಎಂದು ಕೂಗುವವರದು.

ತೆಗೆದದ್ದು ಹಿಂದಿ ಮಾಸ್ತರು ಅತ್ತಾರರ ಮೊಬೈಲು.
ಏಳನೆಯ ಇಯತ್ತೆಯ ಯಾವಳೋ ಜಡೆಯಿಂದ ಬಿಚ್ಚಿಕೊಟ್ಟ
ಕೆಂಪು ರಿಬ್ಬನ್ನಿನಿಂದ ಕಿಟಕಿಯ ಸರಳಿಗೆ ಬಿಗಿದಿದ್ದೆವು.
ಅದರ ತುದಿ ಚಿತ್ರದ ಮೂಲೆಯಲ್ಲಿ ಈಗಲೂ ಅಲ್ಲಾಡುತ್ತಿದೆ.
ಬ್ಯಾಡಗಿಯಲ್ಲಿ ಅದು ಮೆಣಸಿನಕಾಯಿಯ ಸುಗ್ಗಿ;
ನಿಮಿಷಕ್ಕೊಂದು ಸೀನು,
ಕರ್ತೃವಿಗೂ ಕ್ರಿಯಾಪದಕ್ಕೂ ನಡುವೆ ಇನ್ನೊಂದು.
ಕತ್ತಲಲ್ಲಿ ಗದಗಿನವರು ನಕ್ಕರು.
ನಾನೂ ನಕ್ಕೆ, ನಗದಿದ್ದರೆ ಹೇಗೆ.

ಮುಳಗುಂದ ಸರ್ ಒಳ್ಳೆಯವರು. ಬೈಯುವುದಿಲ್ಲ,
ಬರೀ ನಿಲ್ಲಿಸುತ್ತಾರೆ.
ತೆರೆದ ಬಾಯಿ ತೆರೆದಂತೆಯೇ ನಾನು ಗೋಡೆಗೆ ಅಂಟಿಕೊಳ್ಳುತ್ತೇನೆ.
‘ಇಲ್ಲೇನ ಕಾಣತೈತ್ರಿ?’ ಎಂದು ಕೇಳಿ
ಚಹಾ ಹೀರುತ್ತಾರೆ.

ಕಂಡವರು ಕಂಡದ್ದು ಹೇಳಿದರು.
ಮಕ್ಕಳಿಗಿಂತ ಬೋರ್ಡಿಗೇ ನನ್ನ ಮುಖ ಜಾಸ್ತಿ.
ಗಂಡುಹುಡುಗರ ಕಡೆಗೆ ಎಂಟು ಪ್ರಶ್ನೆ, ಹುಡುಗಿಯರಿಗೆ ಎರಡು.
ಗುಡ್, ವೆರಿ ಗುಡ್ ಎಂದದ್ದು ನಲವತ್ತೊಂದು ಸಲ:
ತಪ್ಪು ಉತ್ತರಕ್ಕೂ ಗುಡ್, ಒಮ್ಮೆ ಸೀನಿಗೂ ಗುಡ್.
ಕಿರಾಣಿ ಅಂಗಡಿಯ ಉದ್ರಿ ಬರೆದಂತೆ
ಎಲ್ಲವನ್ನೂ ಬರೆದುಕೊಂಡೆ.

ಆಮೇಲೆ ಹನ್ನೊಂದನೆಯ ನಿಮಿಷ.
ವಾಟ್ ಡಿಡ್ ಯು ಸೀ ಆನ್ ದ ವೇ ಟು ಸ್ಕೂಲ್?
ಕೇಳಿದವಳು ನಾನು. ಉಸಿರು ತಿರುಗುವುದರೊಳಗೆ
ಐ ಸಾ ಎ ಬಸ್, ಎಂದವಳೂ ನಾನೇ.
ಐ ಸಾ ಎ ಬಸ್, ಎಂದಿತು ನಲವತ್ತು ಮಕ್ಕಳ ಒಂದೇ ಗಂಟಲು.
ಅರ್ಧ ಮಕ್ಕಳು ಬರುವುದು ಹೊಲದ ಬದುವಿನ ಮೇಲೆ.
ಎಲ್ಲಿಯ ಬಸ್ಸು.

ಸರ್ ಹಿಂದಕ್ಕೆ ತಿರುಗಿಸಿದರು. ‘ಮೂರನೇ ಸಾಲು ನೋಡ್ರಿ.’
ಮೂರನೆಯ ಸಾಲಿನಲ್ಲಿ, ಅರ್ಧ ಕಂಬದ ಮರೆಗೆ,
ಮಾಬೂಬಿ ನದಾಫ.
ಹಾಜರಿ ಕೂಗುವಾಗ ಬಿಟ್ಟರೆ ಅವಳ ದನಿ
ಕೇಳಿದ ನೆನಪಿಲ್ಲ ನನಗೆ.
ಅವಳ ತುಟಿ ಅಲ್ಲಾಡುತ್ತಿತ್ತು.
ಐ ಎಂದು ಶುರುವಾದದ್ದು ಖಾತ್ರಿ.
ಮುಂದಿನದು ಉದ್ದ, ನನ್ನ ವಾಕ್ಯಕ್ಕಿಂತ ಬಹಳ ಉದ್ದ,
ಅದರ ಮೇಲೆ
ನನ್ನ ಬಸ್ಸು ಹಾದುಹೋಯಿತು.

ಆರು ಸಲ ಹಾಕಿದರು. ದನಿ ಏರಿಸಿದರೆ ಫ್ಯಾನೇ ಏರುತ್ತದೆ.
‘ಬಫೆಲೋ ಅಂದಂಗಾತು’ ಎಂದರು ನರಗುಂದದ ಟೀಚರು.
‘ಬ್ರದರ್ ಇರಬೇಕ್ರಿ’ ಎಂದರು ಹಿಂದಿನ ಬೆಂಚಿನವರು.
ಇಂಗ್ಲಿಷ್ ಕಲಿಸುವ ಮೂವತ್ತೆರಡು ಮಂದಿ
ಒಂದು ಹುಡುಗಿಯ ತುಟಿ ಓದಲು ಕಲಿಯುತ್ತ ಕೂತೆವು.
ಊಟದ ಹೊತ್ತಾಯಿತು. ಗೋಧಿಹುಗ್ಗಿ ಮಾಡಿದ್ದರು,
ನನಗೆ ಸೇರಲಿಲ್ಲ.

ಸೋಮವಾರ ಅವಳನ್ನೇ ಕೇಳಿದೆ. ‘ಅವತ್ತ ಏನ ಅಂದಿದ್ದೆವಾ?’
ಕಾಲ್ಬೆರಳು ನೋಡಿಕೊಂಡಳು. ‘ನೆನಪಿಲ್ರಿ ಟೀಚರ್.’
ಇರಬಹುದು.
ಅಥವಾ ಅವಳ ಸರದಿ ಅವಳು ಮುಗಿಸಿದ್ದಳು,
ಕೇಳಿಸಿಕೊಳ್ಳುವ ಸರದಿ ನನ್ನದಿತ್ತು.

ಇದು ಎರಡನೆಯ ವಿಡಿಯೋ. ಅದೇ ಸರಳು, ಅದೇ ರಿಬ್ಬನ್ನು.
ಸೀರೆ ಜಾಡಿಸಿಕೊಂಡಿದ್ದೇನೆ. ಪ್ರಶ್ನೆ ಕೇಳುತ್ತೇನೆ.
ಆಮೇಲೆ

ಏನೂ ಆಗುವುದಿಲ್ಲ.
ಯಾರೋ ಸೀನುತ್ತಾರೆ, ನಾನು ಗುಡ್ ಎನ್ನುವುದಿಲ್ಲ.
ಪೇಟೆಯ ಕಡೆ ಒಂದು ಲಾರಿ ಹಿಂದಕ್ಕೆ ಬರುತ್ತ ಪೀಂಗುಟ್ಟುತ್ತದೆ.
ನನ್ನ ಕೈ ಎರಡು ಸಲ ಸುಣ್ಣದ ಕಡ್ಡಿಯವರೆಗೆ ಹೋಗಿ
ಬರಿದೇ ವಾಪಸಾಗುತ್ತದೆ.
ಕಂಬದ ಮರೆಯಿಂದ ಒಂದು ಮೊಣಕೈ ಮಾತ್ರ ಕಾಣುತ್ತದೆ.
ಮುಳಗುಂದ ಸರ್ ಎದ್ದು ಗುಂಡಿ ಒತ್ತಿ ನೋಡುತ್ತಾರೆ,
‘ವಿಡಿಯೋ ನಿಂತತೇನ್ರಿ?’

ಇಲ್ರಿ ಸರ್. ಮೂಲಿಯೊಳಗ ರಿಬ್ಬನ್ ಅಲ್ಲಾಡಾಕತ್ತೈತಿ ನೋಡ್ರಿ.
ನಿಂತಾಕಿ ನಾನು.